ಪೇಪರಿನಲ್ಲಿ ಬಂದ ನೀರು

ಇಷ್ಟಕ್ಕೆಲ್ಲ ಕಾರಣ ಎರಡೂವರೆ ಗಂಟೆಯ ಬಸ್ಸು.

ತುರುವೇಕೆರೆಯಿಂದ ತುಮಕೂರಿಗೆ ಹೋಗುವ ಆ ಬಸ್ಸಿನ ಡ್ರೈವರ್ ಕೈಗೆ ಸುದ್ದಿಯ ಕವರು ಕೊಟ್ಟರೆ ಅದು ಸಂಜೆಯೊಳಗೆ ‘ಕಲ್ಪವಾಣಿ’ ಪತ್ರಿಕೆಯ ಕಚೇರಿ ಸೇರುತ್ತಿತ್ತು, ಮರುದಿನ ಬೆಳಿಗ್ಗೆ ಅಚ್ಚಾಗಿ ಬರುತ್ತಿತ್ತು. ಬಸ್ಸು ತಪ್ಪಿದರೆ ಸುದ್ದಿ ಒಂದು ದಿನ ಹಳಸುತ್ತಿತ್ತು. ಆದರೆ ತಾಲ್ಲೂಕಿನಲ್ಲಿ ಯಾವ ಸಭೆ ಸಮಾರಂಭವೂ ನಾಲ್ಕು ಗಂಟೆಗೆ ಮೊದಲು ಶುರುವಾದ ದಾಖಲೆಯಿಲ್ಲ. ಅದಕ್ಕಾಗಿ ಕಲ್ಪವಾಣಿಯ ಬಾತ್ಮೀದಾರ ತೋಂಟದಾರ್ಯ ನಾಲ್ಕು ವರ್ಷದಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದ. ಆಹ್ವಾನ ಪತ್ರಿಕೆಯನ್ನು ಮುಂದಿಟ್ಟುಕೊಂಡು, ಸಂಜೆ ನಡೆಯಬೇಕಾದ ಸಮಾರಂಭವನ್ನು ಮಧ್ಯಾಹ್ನವೇ ನಡೆಸಿ, ವಂದನಾರ್ಪಣೆಯನ್ನೂ ಮುಗಿಸಿ, ಕವರಿಗೆ ಅಂಟು ಹಚ್ಚಿ ಕಳಿಸಿಬಿಡುತ್ತಿದ್ದ. ಆಮೇಲೆ ಮನೆಗೆ ಹೋಗಿ ಮಲಗುತ್ತಿದ್ದ. ಹೊಟ್ಟೆಪಾಡಿಗೆ ಅವನಿಗೆ ಮೂರು ಟೈಪ್‌ರೈಟರುಗಳ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಬಾತ್ಮೀದಾರಿಕೆ ಇದ್ದದ್ದು ಮರ್ಯಾದೆಗೆ.

ಎಂಬತ್ತಾರನೇ ಇಸವಿಯ ಏಪ್ರಿಲ್ ತಿಂಗಳ ಒಂದು ಸೋಮವಾರ ಕಲ್ಪವಾಣಿಯಲ್ಲಿ ಅವನ ಸುದ್ದಿ ಹೀಗೆ ಬಂದಿತ್ತು: ‘ಕರೇಕಲ್ಲುಪಾಳ್ಯದ ಗ್ರಾಮಸ್ಥರ ಬಹುದಿನಗಳ ಕನಸು ನನಸಾಗಿದೆ. ಜನಪ್ರಿಯ ಶಾಸಕ ಸದಾಶಿವಯ್ಯನವರು ಭಾನುವಾರ ಸಂಜೆ ಕೊಳವೆ ಬಾವಿಯ ಕೈಪಂಪನ್ನು ಸ್ವತಃ ಒತ್ತಿ ಉದ್ಘಾಟಿಸಿದರು. ಚಿಮ್ಮಿದ ನೀರನ್ನು ಬೊಗಸೆಯಲ್ಲಿ ಹಿಡಿದು ಕುಡಿದು, ಎಳನೀರಿಗಿಂತ ಸಿಹಿಯಾಗಿದೆ ಎಂದು ಶಾಸಕರು ಉದ್ಗರಿಸಿದಾಗ ನೆರೆದಿದ್ದ ಐನೂರು ಜನ ಹರ್ಷೋದ್ಗಾರ ಮಾಡಿದರು.’

ಎಳನೀರಿನ ಮಾತು ತೋಂಟದಾರ್ಯನ ಸ್ವಂತ ಸೃಷ್ಟಿ. ಅದನ್ನು ಎರಡು ಸಲ ಓದಿಕೊಂಡು, ತಟ್ಟೆಯಲ್ಲಿದ್ದ ಉಪ್ಪಿಟ್ಟಿಗೆ ಕೈ ಹಾಕಿದ್ದನಷ್ಟೆ. ಹೊರಗೆ ಬಿಂದಿಗೆಗಳು ತಾಕುವ ಸದ್ದಾಯಿತು. ಜಗಲಿಯ ಮೇಲೆ ಒಂಬತ್ತು ಜನ ಹೆಂಗಸರು ನಿಂತಿದ್ದರು. ಒಬ್ಬೊಬ್ಬರ ಸೊಂಟದಲ್ಲೂ ಖಾಲಿ ಬಿಂದಿಗೆ. ಮುಂದೆ ನಿಂತವಳು ಕರೇಕಲ್ಲುಪಾಳ್ಯದ ಸಿದ್ದಗಂಗಮ್ಮ. ತೋಂಟದಾರ್ಯ ಹುಟ್ಟಿದ್ದೂ ಅದೇ ಪಾಳ್ಯದಲ್ಲಿ. ಅವನನ್ನು ತೊಟ್ಟಿಲಿಗೆ ಹಾಕಿದವಳೇ ಅವಳು.

“ಏನವ್ವಾ, ಎಲ್ರೂ ಇಷ್ಟೊತ್ಗೇ?” ಎಂದ.

“ನೀರು ತಕಂಡೋಗಾಕೆ ಬಂದ್ವಿ ಕಣ್ಮಗಾ.”

“ನೀರಾ? ಇಲ್ಲಿಗಾ?”

“ಇನ್ನೆಲ್ಲಿಗೆ? ಊರ್ನಾಗೆ ನೀರು ಬಂದಿಲ್ಲ. ನಿನ್ ಪೇಪರ್ನಾಗೆ ಬಂದೈತೆ. ಅದ್ಕೇ ನಿನ್ ತಾವ್ಕೇ ಬಂದಿದೀವಿ. ಹುಯ್ಯಿ.”

ತೋಂಟದಾರ್ಯನ ಕೈಯಲ್ಲಿದ್ದ ಉಪ್ಪಿಟ್ಟು ಕೈಯಲ್ಲೇ ಉಳಿಯಿತು. ಸಿದ್ದಗಂಗಮ್ಮ ನಡೆದದ್ದನ್ನು ಹೇಳಿದಳು. ಊರವರು ಹಿಂದಿನ ದಿನ ಮಾವಿನ ತೋರಣ ಕಟ್ಟಿ ಹೊತ್ತು ಮುಳುಗುವವರೆಗೆ ಕಾದಿದ್ದರು. ಎಮ್ಮೆಲ್ಲೆಯೂ ಬರಲಿಲ್ಲ, ಪಂಪೂ ಬರಲಿಲ್ಲ. ಮೂರು ತಿಂಗಳ ಹಿಂದೆ ಕೊರೆದ ತೂತಿನ ಮೇಲೆ ಮುಚ್ಚಿದ್ದ ಚಪ್ಪಡಿ ಹಾಗೆಯೇ ಇದೆ.

“ಅದಾದ್ರೂ ಓಗ್ಲಿ ಅಂದ್ರೆ, ನಾವು ದಿನಾ ನೀರು ಸೇದ್ತಿದ್ದ ತೋಟದ ಬಾವೀಗೆ ಬೆಳಿಗ್ಗೆ ಓದ್ರೆ ಗೇಟ್ಗೆ ಬೀಗ! ತೋಟದೋನು ಪೇಪರ್ ಇಡ್ಕಂಡು ನಿಂತವ್ನೆ. ‘ನಿಮ್ಮೂರ್ಗೇ ಎಳನೀರ್ಗಿಂತ ಸಿಹಿ ನೀರು ಬಂದೈತಂತಲ್ಲ, ನನ್ ಬಾವಿ ಸಪ್ಪೆ ನೀರು ನಿಮ್ಗ್ಯಾಕವ್ವಾ’ ಅಂತಾನೆ. ಇರೋ ನೀರ್ನೂ ಕಳದ್ಯಲ್ಲೋ ನಮ್ಮಪ್ಪ!”

ಎದುರಿಗಿದ್ದ ಕಾಫಿ ಹೋಟೆಲಿನ ಈರಣ್ಣ ಅಷ್ಟರಲ್ಲಿ ಸೌಟು ಹಿಡಿದುಕೊಂಡೇ ರಸ್ತೆ ದಾಟಿ ಬಂದಿದ್ದ. ಈರಣ್ಣ ಕಲ್ಪವಾಣಿಯ ಹಗೆ ಪತ್ರಿಕೆ ‘ಜಿಲ್ಲಾ ಕಹಳೆ’ಗೆ ಏಜೆಂಟನೂ ಹೌದು, ಬಾತ್ಮೀದಾರನೂ ಹೌದು. “ಐನೂರು ಜನ ಸೇರಿದ್ರು ಅಂತ ಬರ್ದಿದ್ರಿ, ಇಲ್ಲಿ ಒಂಬತ್ತೇ ಜನ ಅವ್ರಲ್ಲಾ ಸಾರ್?” ಎಂದು ಕಾಳಜಿಯಿಂದ ವಿಚಾರಿಸಿದ.

ತೋಂಟದಾರ್ಯನ ಹೆಂಡತಿ ವಿಮಲಮ್ಮ ಒಳಗಿನ ಹಂಡೆ, ಡ್ರಮ್ಮು, ಕೊಳಗಗಳ ನೀರನ್ನೆಲ್ಲ ತಂದು ಬಿಂದಿಗೆಗಳಿಗೆ ಸುರಿದಳು. ಐದು ಬಿಂದಿಗೆ ತುಂಬಿತು. ಆಮೇಲೆ ಗಂಡನ ಕಡೆ ತಿರುಗಿ, “ಬರಿಯೋರು ನೀವು, ಹುಯ್ಯೋಳು ನಾನು. ಇನ್ನೂ ನಾಲ್ಕು ಖಾಲಿ ಅವೆ. ಏನ್ ಮಾಡ್ತೀರಿ?” ಎಂದಳು.

ತೋಂಟದಾರ್ಯ ಸಾಧು ಮನುಷ್ಯ. ಟೈಪಿಂಗ್ ಕಲಿಯಲು ಬಂದವರು ಕೀಲಿ ಮುರಿದರೂ ಗದರಿದವನಲ್ಲ. ಆದರೆ ಆ ನಾಲ್ಕು ಖಾಲಿ ಬಿಂದಿಗೆಗಳನ್ನು ನೋಡಿದಾಗ ಅವನಿಗೆ ಎಲ್ಲಿಲ್ಲದ ಹಟ ಬಂತು. ಕೈ ತೊಳೆಯಲು ಮನೆಯಲ್ಲಿ ನೀರಿರಲಿಲ್ಲವಾದ್ದರಿಂದ ಟವಲಿಗೆ ಒರೆಸಿಕೊಂಡು ಎದ್ದು ನಿಂತ.

“ಇವತ್ತು ಹೊತ್ತು ಮುಳುಗೋದ್ರೊಳಗೆ ಪಾಳ್ಯದ ಪಂಪಲ್ಲಿ ನೀರು ಬರಿಸ್ತೀನಿ. ನೀವೆಲ್ಲ ಊರಿಗೆ ಹೋಗಿರ್ರವ್ವಾ.”

“ನಾವೂ ಬತ್ತೀವಿ,” ಎಂದಳು ಸಿದ್ದಗಂಗಮ್ಮ. “ನಿನ್ನೊಬ್ಬನ್ನೇ ಕಳುಸುದ್ರೆ ದಾರೀನಾಗೇ ನೀರು ಬರಿಸ್ಬುಡ್ತೀಯ.”

ತುಂಬಿದ ಬಿಂದಿಗೆಗಳನ್ನು ಹೊತ್ತು ಐವರು ಊರಿಗೆ ಹೋದರು. ಖಾಲಿ ಬಿಂದಿಗೆಯ ನಾಲ್ವರು ಅವನ ಹಿಂದೆ ಹೊರಟರು.

ಪಂಪು ಕೊಡುವ ಆಫೀಸಿನ ಹೆಸರು ಇಲ್ಲಿ ಬೇಡ. ಅಲ್ಲಿ ಗಂಗಯ್ಯ ಎಂಬ ಗುಮಾಸ್ತರಿದ್ದರು. ಅವರು ತೋಂಟದಾರ್ಯನನ್ನು ಕಂಡದ್ದೇ ಕುರ್ಚಿಯಿಂದ ಎದ್ದರು. “ಬನ್ನಿ ಸಾರ್, ಬನ್ನಿ! ನಿಮ್ಮಿಂದ ನಮ್ ಆಫೀಸಿಗೆ ಭಾಳ ಉಪಕಾರ ಆಯ್ತು.”

“ಅದೇ ವಿಷ್ಯ ಗಂಗಯ್ಯನೋರೇ. ಪಾಳ್ಯದ ಪಂಪು…”

“ಅದೇ ಸಾರ್! ಕೆಲಸ ಮುಗೀತು ಅಂತ ರಿಪೋರ್ಟು ಕಳಿಸ್ಬೇಕಿತ್ತು. ಹೆಂಗಪ್ಪಾ ಕಳ್ಸೋದು ಅಂತ ಕೂತಿದ್ದೆ. ಬೆಳಿಗ್ಗೆ ನಿಮ್ ಸುದ್ದಿ ನೋಡಿದ್ನಾ, ಕತ್ತರಿಸಿ ಫೈಲಿಗೆ ಅಂಟಿಸ್ದೆ. ಮೇಲಿನ ಆಫೀಸಿಗೆ ಹೋಗೂ ಆಯ್ತು. ಫೈಲು ಕ್ಲೋಸು!”

“ಆದ್ರೆ ಪಂಪು ಹಾಕಿಲ್ಲ ಕಣ್ರೀ!”

ಗಂಗಯ್ಯ ಕನ್ನಡಕದ ಮೇಲಿಂದ ನೋಡಿದರು. “ಹಾಕಿದೆ ಅಂತ ಬರ್ದೋರು ನೀವು. ಹಾಕಿಲ್ಲ ಅನ್ನೋರೂ ನೀವು. ನಾನು ಯಾವ ತೋಂಟದಾರ್ಯನ್ನ ನಂಬ್ಲಿ?”

ಸಿದ್ದಗಂಗಮ್ಮ ಕಿಟಕಿಯಿಂದ ಹಿತ್ತಲಿಗೆ ಕೈ ತೋರಿಸಿದಳು. ಅಲ್ಲಿ ಒಣಗಿದ ತೆಂಗಿನ ಗರಿಗಳ ಅಡಿಯಲ್ಲಿ ಒಂದು ಹೊಸ ಪಂಪು ಕಾಲು ಚಾಚಿ ಮಲಗಿತ್ತು. ಅದರ ಹೊಟ್ಟೆಯ ಮೇಲೆ ಬಿಳಿ ಬಣ್ಣದಲ್ಲಿ ‘ಕರೇಕಲ್ಲುಪಾಳ್ಯ’ ಎಂದು ಬರೆದಿತ್ತು.

“ಅದೇನು ಹಂಗಾರೆ?” ಎಂದಳು.

“ಅದು ಇದೆ ಕಣಮ್ಮ. ನಾನು ಇಲ್ಲ ಅಂದ್ನಾ? ಆದ್ರೆ ಲೆಕ್ಕದ ಪ್ರಕಾರ ಅದು ನಿಮ್ಮೂರಲ್ಲಿ ಐತೆ. ನಿಮ್ಮೂರಲ್ಲಿರೋ ಪಂಪನ್ನ ಇಲ್ಲಿಂದ ಹೆಂಗೆ ಕೊಡ್ಲಿ? ಎಮ್ಮೆಲ್ಲೆ ಸಾಹೇಬ್ರು ‘ನಾನು ಉದ್ಘಾಟನೆ ಮಾಡಿಲ್ಲ’ ಅಂತ ಒಂದು ಚೀಟಿ ಕೊಡ್ಲಿ, ಫೈಲು ಮತ್ತೆ ತೆಗೀತೀನಿ.”

ಶಾಸಕ ಸದಾಶಿವಯ್ಯನವರು ಅಂದು ತಿಪಟೂರಿನಲ್ಲಿ ಹೆಂಗಸರಿಗೆ ಹೊಲಿಗೆ ಯಂತ್ರ ಹಂಚುತ್ತಿದ್ದಾರೆಂದು ತೋಂಟದಾರ್ಯನಿಗೆ ಗೊತ್ತಿತ್ತು. ಆ ಸುದ್ದಿಯನ್ನೂ ತಿಪಟೂರಿನ ಬಾತ್ಮೀದಾರ ಆಗಲೇ ಬರೆದಿಟ್ಟಿರಬಹುದೆಂದುಕೊಂಡು ಬಸ್ಸು ಹತ್ತಿದ. ಹಿಂದೆ ನಾಲ್ಕು ಬಿಂದಿಗೆಗಳೂ ಹತ್ತಿದವು. ಕಂಡಕ್ಟರು ಬಿಂದಿಗೆಗೂ ಟಿಕೆಟ್ ತಗೊಳ್ಳಿ ಎಂದ. ಸಿದ್ದಗಂಗಮ್ಮ ಬಿಂದಿಗೆಯನ್ನು ತೊಡೆಯ ಮೇಲೆ ಕೂರಿಸಿಕೊಂಡು, “ಮೂರ್ ವರ್ಷ ತುಂಬಿಲ್ಲ ಕಣಪ್ಪ ಇದ್ಕೆ,” ಎಂದಳು. ಕಂಡಕ್ಟರು ಮುಂದಕ್ಕೆ ಹೋದ.

ತಿಪಟೂರಿನ ಶಾಲೆಯೊಂದರ ಅಂಗಳದಲ್ಲಿ ಶಾಮಿಯಾನದ ಕೆಳಗೆ ಶಾಸಕರು ಹಾರಗಳ ಒಳಗಿಂದ ಮುಖ ಮಾತ್ರ ಹೊರಗಿಟ್ಟುಕೊಂಡು ಕೂತಿದ್ದರು. ತೋಂಟದಾರ್ಯ ಹತ್ತಿರ ಹೋದದ್ದೇ ಬಾಯ್ತುಂಬ ನಕ್ಕರು.

“ಓ, ನಮ್ಮ ಕಲ್ಪವಾಣಿ! ಬೆಳಿಗ್ಗೇನೇ ಓದ್ದೆ ಕಣಯ್ಯ. ಕರೇಕಲ್ಲುಪಾಳ್ಯದ್ದು ಭಾಳ ಚೆನ್ನಾಗ್ ಬರ್ದಿದೀಯ. ಅಲ್ಲಿ ಜನ ಎಷ್ಟು ಪ್ರೀತಿ ತೋರಿಸ್ಬುಟ್ರು!”

“ಸಾರ್, ತಾವು ನೆನ್ನೆ ಅಲ್ಲಿಗೆ ಹೋಗಿರ್ಲಿಲ್ಲ.”

ಶಾಸಕರು ಮೇಲೆ ನೋಡಿ ಯೋಚಿಸಿದರು. “ನೆನ್ನೆ ನನಗೆ ಏಳು ಪ್ರೋಗ್ರಾಮು. ಎರಡು ಶಂಕುಸ್ಥಾಪನೆ, ಒಂದು ಸಮುದಾಯ ಭವನ, ಒಂದು ಮದುವೆ, ಪಶು ಆಸ್ಪತ್ರೆ… ಇಲ್ಲ ಕಣಯ್ಯ, ಹೋಗಿದ್ದೆ. ನೀರು ಕುಡಿದದ್ದು ಜ್ಞಾಪಕ ಐತೆ. ಎಳನೀರಿಗಿಂತ ಸಿಹಿ!”

“ಯಾವ ನೀರು ಕುಡುದ್ರಿ ಬುದ್ಧಿ?” ಸಿದ್ದಗಂಗಮ್ಮ ಮುಂದೆ ಬಂದಳು. “ನಮ್ಮೂರ್ನಾಗೆ ತೂತೊಂದೇ ಐತೆ.”

“ನೋಡಮ್ಮಾ,” ಶಾಸಕರು ಗಂಭೀರವಾದರು, “ನಾನು ಬಂದಿಲ್ಲ ಅಂತ ಚೀಟಿ ಕೊಟ್ರೆ ಪೇಪರಿನೋರು ಸುಳ್ಳು ಬರೆದ್ರು ಅಂತ ಆಗುತ್ತೆ. ಪತ್ರಿಕೆಗಳ ಮರ್ಯಾದೆ ಕಳೆಯೋ ಕೆಲಸ ನಾನು ಸತ್ರೂ ಮಾಡಲ್ಲ.” ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ಯಾರೋ ಇನ್ನೊಂದು ಹಾರ ಹಾಕಿದರು. ಶಾಸಕರ ಮುಖವೂ ಕಾಣದಂತಾಯಿತು.

ತೋಂಟದಾರ್ಯ ವಾಪಸ್ ಬಸ್ಸು ಹತ್ತಿದ. ತಾನು ಬರೆದ ಹತ್ತು ಸಾಲು ಹತ್ತಾಳು ಎತ್ತರದ ಗೋಡೆಯಾಗಿ ನಿಂತಿತ್ತು. ಆಫೀಸು ಅದನ್ನೇ ನಂಬಿತ್ತು, ತೋಟದವನು ಅದನ್ನೇ ನಂಬಿದ್ದ, ಹೋಗಲಿ ಎಂದರೆ ಸ್ವತಃ ಎಮ್ಮೆಲ್ಲೆಯೂ ನಂಬಿಬಿಟ್ಟಿದ್ದರು. ನಂಬದೆ ಉಳಿದವರು ಬಾಯಾರಿದವರು ಮಾತ್ರ. ಆದರೂ ಹಟ ಇಳಿದಿರಲಿಲ್ಲ. ಹೊತ್ತು ಮುಳುಗಲು ಇನ್ನೂ ಐದು ಗಂಟೆಯಿತ್ತು.

ಮುಂದಿನ ಸೀಟಿನಲ್ಲಿ ಪಂಪ್ ಮೆಕ್ಯಾನಿಕ್ ಮಜೀದ್ ಕೂತಿದ್ದ. ತಿಪಟೂರಿನಿಂದ ತೊಗಲಿನ ವಾಷರುಗಳನ್ನು ತರುತ್ತಿದ್ದ. ಸುತ್ತಲ ಹಳ್ಳಿಗಳ ಪಂಪು ಕೆಟ್ಟರೆ ಆಫೀಸಿನವರು ಕಳಿಸುತ್ತಿದ್ದದ್ದು ಅವನನ್ನೇ. ಸಿದ್ದಗಂಗಮ್ಮ ಅವನಿಗೆ ಮೊದಲಿಂದ ಕತೆ ಹೇಳಿದಳು. ಮಜೀದ್ ವಾಷರನ್ನು ಬೆರಳಿಗೆ ಉಂಗುರದ ಹಾಗೆ ಹಾಕಿಕೊಂಡು ತಿರುಗಿಸುತ್ತ ಕೇಳಿದ. ಎಲ್ಲ ಕೇಳಿ, “ಸಾರ್, ನೀವು ತಪ್ಪು ಬಾಗ್ಲು ತಟ್ತಿದೀರಿ,” ಎಂದ.

“ಯಾಕೆ?”

“ಪಂಪು ಹಾಕಿಲ್ಲ ಅಂತ ಯಾಕೆ ಜಗಳ? ಹಾಕಿದಾರೆ ಅಂತ ಒಪ್ಕೊಂಡ್ಬುಡಿ. ಹಾಕಿದ ಪಂಪು ಕೆಡಲ್ವಾ? ಕೆಟ್ಟೋಗಿದೆ ಅಂತ ದೂರು ಕೊಡಿ. ರಿಪೇರಿಗೆ ಸಾಮಾನು ಕೊಡ್ಲೇಬೇಕು. ಯಾವ್ಯಾವ ಸಾಮಾನು ಅಂತ ಬರೆಯೋನು ನಾನು.”

ತೋಂಟದಾರ್ಯ ಎದ್ದು ನಿಂತ. ಮುಂದಿನ ಸೀಟಿನ ಕಂಬಿಗೆ ಮೊಣಕಾಲು ಬಡಿಯಿತು. ನೋವೇ ಗೊತ್ತಾಗಲಿಲ್ಲ.

ಮೂರು ಗಂಟೆಗೆ ಎಲ್ಲರೂ ಗಂಗಯ್ಯನವರ ಮುಂದೆ ನಿಂತಿದ್ದರು. ‘ರಿಪೇರಿ’ ಎಂಬ ಮಾತು ಕೇಳಿದ ಕೂಡಲೇ ಗಂಗಯ್ಯನವರ ಮುಖ ಅರಳಿತು. “ಹಿಂಗೆ ಹೇಳಿ ಮತ್ತೆ! ರಿಪೇರಿಗೆ ಬೇರೆ ರಿಜಿಸ್ಟ್ರೇ ಐತೆ,” ಎಂದು ದಪ್ಪ ಪುಸ್ತಕ ತೆಗೆದರು. “ಏನ್ ಕೆಟ್ಟೈತೆ ಮಜೀದ್?”

“ಹೆಡ್ಡು.”

“ಹೆಡ್ಡು. ಆಮೇಲೆ?”

“ಹ್ಯಾಂಡ್ಲು. ಚೈನು.”

“ಒಂದೇ ದಿನಕ್ಕಾ? ಹೂಂ, ಹೇಳು.”

“ಸಿಲಿಂಡರು. ಪೈಪು ಹತ್ತು. ರಾಡು ಹತ್ತು. ಬೋಲ್ಟು, ನಟ್ಟು ಎಲ್ಲ. ಹೆಡ್ಡಿನ ಕೆಳಗಿನ ಸ್ಟ್ಯಾಂಡು.”

ಗಂಗಯ್ಯ ಪೆನ್ನು ನಿಲ್ಲಿಸಿದರು. “ಮತ್ತೆ ಉಳಿದಿರೋದೇನಪ್ಪಾ ಅಲ್ಲಿ?”

“ತೂತು ಸಾರ್. ತೂತು ಚೆನ್ನಾಗಿದೆ.”

ಗಂಗಯ್ಯ ಒಂದು ಗಳಿಗೆ ಹಿತ್ತಲಿನ ಕಡೆ ನೋಡಿದರು. ನಾಲ್ಕು ಬಿಂದಿಗೆಗಳ ಕಡೆ ನೋಡಿದರು. ಮನುಷ್ಯ ಕೆಟ್ಟವರಲ್ಲ, ಅವರಿಗೆ ಬೇಕಾದದ್ದು ಒಂದು ದಾರಿ, ಅದು ಸಿಕ್ಕಿತ್ತು. “ಸರಿ, ಆ ಗರಿ ಕೆಳಗೆ ಬಿದ್ದಿರೋ ಸಾಮಾನೆಲ್ಲ ಬಿಡಿಭಾಗ ಅಂತ ತಗೊಂಡ್ಹೋಗ್ರಿ. ಆದ್ರೆ ದೂರಿಗೆ ಊರಿನೋರು ಸಹಿ ಮಾಡ್ಬೇಕು. ಓಟರ್ ಲಿಸ್ಟಿನಲ್ಲಿ ಹೆಸರಿರಬೇಕು. ಅಮ್ಮಾ, ಇಲ್ಲಿ ಹೆಬ್ಬೆಟ್ಟು ಒತ್ತು.”

ಸಿದ್ದಗಂಗಮ್ಮ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. “ಏನಂತ ಬರ್ದೈತೆ ಅದ್ರಾಗೆ?”

“ಉದ್ಘಾಟನೆ ಆದ ಪಂಪು ಕೆಟ್ಟೋಗಿದೆ ಅಂತ.”

“ಬರದೇ ಇರೋ ಪಂಪು ಕೆಟ್ಟೋಯ್ತು ಅಂತ ನಾನು ಎಂಗಪ್ಪಾ ಒತ್ಲಿ? ಈ ವಯಸ್ನಾಗೆ ಸುಳ್ಳು ನನ್ ಕೈಲಾಗಾಕಿಲ್ಲ. ಇವ್ನು ಆಕ್ತಾನೆ ಬುಡು. ಇವ್ನಿಗೆ ಅಭ್ಯಾಸ ಐತೆ.”

ತೋಂಟದಾರ್ಯ ಪೇಟೆಗೆ ಬಂದು ಹತ್ತು ವರ್ಷವಾಗಿದ್ದರೂ ಓಟು ಮಾತ್ರ ಪಾಳ್ಯದಲ್ಲೇ ಇತ್ತು. ಗಂಗಯ್ಯ ಪಟ್ಟಿಯಲ್ಲಿ ಹುಡುಕಿದರು. ತೋಂಟದಾರ್ಯ ಎಂಬ ಹೆಸರೇ ಇರಲಿಲ್ಲ. ಆ ಹೆಸರು ಶಾಲೆಗೆ ಸೇರಿಸುವಾಗ ಇಟ್ಟದ್ದು. ಪಾಳ್ಯದವರು ಇವತ್ತಿಗೂ ಕರೆಯುವುದು, ಮನೆಯ ಹಿರಿಮಗನೆಂದು, ದೊಡ್ಡಣ್ಣ ಅಂತಲೇ. ಪಟ್ಟಿ ಬರೆದುಕೊಳ್ಳಲು ಬಂದವನಿಗೂ ಅವರು ಅದನ್ನೇ ಹೇಳಿದ್ದರು. ತೋಂಟದಾರ್ಯ ಹೆಚ್ಚು ಯೋಚಿಸದೆ ‘ದೊಡ್ಡಣ್ಣ, ಕರೇಕಲ್ಲುಪಾಳ್ಯ’ ಎಂದು ಸಹಿ ಹಾಕಿದ. ಸಾಮಾನು ಹೊತ್ತು ಹೊರಗೆ ಬರುವಾಗ ಈರಣ್ಣ ಆಫೀಸಿನವರಿಗೆ ಸಂಜೆಯ ಕಾಫಿ ತೆಗೆದುಕೊಂಡು ಒಳಗೆ ಹೋಗುತ್ತಿದ್ದ.

ಮಂಡಿಗೆ ತೆಂಗಿನಕಾಯಿ ಇಳಿಸಿ ದಬ್ಬೇಘಟ್ಟದ ಕಡೆಗೆ ಖಾಲಿ ಹೊರಟಿದ್ದ ಒಂದು ಟ್ರ್ಯಾಕ್ಟರು ಸಿಕ್ಕಿತು. ಪಂಪು, ಪೈಪು, ಮಜೀದ್, ಬಿಂದಿಗೆ, ಹೆಂಗಸರು, ಎಲ್ಲರೂ ಅದರಲ್ಲಿ ಪಾಳ್ಯಕ್ಕೆ ಬಂದಿಳಿದಾಗ ನಾಲ್ಕೂವರೆ. ಒಣಗಿದ ಮಾವಿನ ತೋರಣ ಇನ್ನೂ ನೇತಾಡುತ್ತಿತ್ತು. ಊರಿನ ಗಂಡಸರಲ್ಲಿ ಹೆಚ್ಚಿನವರು ತೋಟಗಳಿಗೆ ಕಾಯಿ ಸುಲಿಯಲು ಹೋಗಿದ್ದರು. ಮಜೀದ್ ಚಪ್ಪಡಿ ಸರಿಸಿ, ಲುಂಗಿ ಎತ್ತಿ ಕಟ್ಟಿ, “ಅಮ್ಮಾರೇ, ನೀವೇ ಕೈ ಹಾಕ್ಬೇಕು,” ಎಂದ.

ಒಂದೊಂದೇ ಪೈಪನ್ನು ಜೋಡಿಸಿ ತೂತಿನೊಳಗೆ ಇಳಿಬಿಡುವ ಕೆಲಸ. ಏಳು ಪೈಪು ಇಳಿಯಿತು. ಎಂಟನೆಯದನ್ನು ಜೋಡಿಸುವಾಗ ಬಿಗಿ ಹಿಡಿದಿದ್ದ ಕಬ್ಬಿಣದ ಹಿಡಿಕೆ ಕಿರ್ರೆಂದು ಜಾರಿತು. ಏಳು ಪೈಪಿನ ಭಾರ ಪಾತಾಳಕ್ಕೆ ಹೊರಟಿತು. “ಯಾ ಅಲ್ಲಾ, ಹಿಡೀರಿ!” ಎಂದು ಮಜೀದ್ ಕೂಗಿದ.

ತೋಂಟದಾರ್ಯ ಜೀವಮಾನದಲ್ಲಿ ಟೈಪ್‌ರೈಟರಿಗಿಂತ ಭಾರವಾದದ್ದನ್ನು ಎತ್ತಿದವನಲ್ಲ. ಅವನು ಹಾರಿ ಪೈಪನ್ನು ಎರಡು ಕೈಯಲ್ಲೂ ತಬ್ಬಿಕೊಂಡ. ಪೈಪು ಅವನನ್ನೂ ಎಳೆದುಕೊಂಡು ಕೆಳಗಿಳಿಯತೊಡಗಿತು. ಸಿದ್ದಗಂಗಮ್ಮ ಅವನ ಸೊಂಟ ಹಿಡಿದಳು. ಅವಳ ಸೊಂಟವನ್ನು ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು. ಬೆಳಿಗ್ಗೆ ಬಂದಿದ್ದ ಒಂಬತ್ತು ಜನವೂ ರೈಲಿನ ಡಬ್ಬಿಗಳ ಹಾಗೆ ಒಬ್ಬರ ಹಿಂದೊಬ್ಬರು ಕಚ್ಚಿಕೊಂಡು ಹಿಂದಕ್ಕೆ ವಾಲಿದರು.

“ಬುಡ್ಬ್ಯಾಡ ಕಣ್ಲಾ!” ಎಂದಳು ಸಿದ್ದಗಂಗಮ್ಮ ಹಲ್ಲು ಕಚ್ಚಿ.

“ಬಿಡಲ್ಲ ಕಣವ್ವಾ!” ಎಂದ ತೋಂಟದಾರ್ಯ, ಗಲ್ಲವನ್ನು ಪೈಪಿಗೆ ಒತ್ತಿಕೊಂಡು. ಅಂಗಿಯ ಗುಂಡಿಗಳು ಟಪಟಪನೆ ಉದುರಿದವು. ಅಂಗೈ ಚರ್ಮ ಕಿತ್ತಿತು. ಮಜೀದ್ ಹಿಡಿಕೆಯನ್ನು ಮತ್ತೆ ಬಿಗಿದು “ಆಯ್ತು, ಬಿಡಿ ಸಾರ್” ಎಂದ ಮೇಲೂ ಅವನ ಕೈ ಬಿಡಿಸಲು ಇಬ್ಬರು ಬೇಕಾಯಿತು.

ಸೂರ್ಯ ತೆಂಗಿನ ತಲೆಗಳ ಹಿಂದೆ ಇಳಿಯುತ್ತಿದ್ದಾಗ ಪಂಪು ನೆಟ್ಟಗೆ ನಿಂತಿತು. ಸಿದ್ದಗಂಗಮ್ಮ ಹಿಡಿ ಒತ್ತಿದಳು. ಗೊರ್ ಗೊರ್ ಎಂದು ಗೂರಲು ಬಂದವರ ಹಾಗೆ ಸದ್ದಾಯಿತೇ ಹೊರತು ನೀರಿಲ್ಲ. ಇಪ್ಪತ್ತು ಸಲ, ಮೂವತ್ತು ಸಲ. ತೋಂಟದಾರ್ಯ ರಕ್ತ ಒಸರುವ ಕೈಯಲ್ಲಿ ತಾನೇ ಹಿಡಿ ತೆಗೆದುಕೊಂಡ. ಒತ್ತಿದ, ಒತ್ತಿದ, ಒತ್ತಿದ. ಮೊದಲು ಗಾಳಿ ಬಂತು, ಆಮೇಲೆ ಕೆಮ್ಮಣ್ಣಿನ ರಾಡಿ, ಆಮೇಲೆ ಬೆರಳು ಗಾತ್ರದ, ಆಮೇಲೆ ತೋಳು ಗಾತ್ರದ ತಿಳಿನೀರು.

ಹೆಂಗಸರು ಕೇಕೆ ಹಾಕಿದರು. ಯಾರೋ ಓಡಿ ಹೋಗಿ ಅರಿಶಿನ ಕುಂಕುಮ ತಂದರು. ತೋಂಟದಾರ್ಯ ಬೊಗಸೆಯೊಡ್ಡಿ ಕುಡಿದ. ಎಳನೀರಿಗಿಂತ ಸಿಹಿಯೇನೂ ಆಗಿರಲಿಲ್ಲ. ಸವುಳು ಸವುಳಾಗಿ, ಕಬ್ಬಿಣದ ವಾಸನೆ ಹೊಡೆಯುತ್ತಿತ್ತು. ಆದರೂ ಅವನು ಇನ್ನೊಂದು ಬೊಗಸೆ ಕುಡಿದ.

“ನೋಡ್ದೆ ತಾನೆ? ಈಗ ಬರ್ಕೋ ಓಗು,” ಎಂದಳು ಸಿದ್ದಗಂಗಮ್ಮ.

“ಈಗ ಬರೆಯಂಗಿಲ್ಲವ್ವಾ. ಆಗ್ಲೇ ಬಂದ್ಬಿಟ್ಟಿದೆ.” ಆ ಮಾತಿಗೆ ಎಲ್ಲರೂ ನಕ್ಕರು, ಅವನೂ ನಕ್ಕ. ಅಂದು ರಾತ್ರಿ ಅಂಗೈಗೆ ಕೊಬ್ಬರಿ ಎಣ್ಣೆ ಹಚ್ಚಿಸಿಕೊಂಡು ಹಾಯಾಗಿ ನಿದ್ದೆ ಮಾಡಿದ.

ಬೆಳಿಗ್ಗೆ ಅವನನ್ನು ಎಬ್ಬಿಸಿದ್ದು ಈರಣ್ಣ. ಮುಖದಲ್ಲಿ ಮದುಮಗನ ಕಳೆ. ಕೈಯಲ್ಲಿ ‘ಜಿಲ್ಲಾ ಕಹಳೆ’. ಮುಖಪುಟದಲ್ಲೇ ದಪ್ಪಕ್ಷರ: ‘ಶಾಸಕರು ಒತ್ತಿದ ಪಂಪು ಒಂದೇ ದಿನಕ್ಕೆ ಢಮಾರ್! ತೂತು ಹೊರತು ಎಲ್ಲವೂ ನಾಶ! ಗ್ರಾಮಸ್ಥ ದೊಡ್ಡಣ್ಣ ಅವರ ದಿಟ್ಟ ದೂರು.’

“ಕಾಫಿ ಕೊಡೋಕೆ ಹೋಗಿದ್ನಾ, ರಿಜಿಸ್ಟ್ರು ತೆಗೆದಿತ್ತು. ಇವತ್ತಿನ ಎರಡೂವರೆ ಬಸ್ಸಿಗೆ ಕಾಯಲಿಲ್ಲ ಸಾರ್, ನೆನ್ನೇನೇ ಟ್ರಂಕಾಲ್ ಮಾಡ್ಬುಟ್ಟೆ!” ಎಂದ ಈರಣ್ಣ. “ಈ ದೊಡ್ಡಣ್ಣ ಯಾರೋ ಗೊತ್ತಾಗ್ಲಿಲ್ಲ. ಗಟ್ಟಿಗ ಇರ್ಬೇಕು.”

ತೋಂಟದಾರ್ಯ ಅದನ್ನು ಓದಿ ಮುಗಿಸುವಷ್ಟರಲ್ಲಿ ಕಲ್ಪವಾಣಿಯ ಸಂಪಾದಕರಿಂದ ಟೆಲಿಗ್ರಾಂ ಬಂತು. ಪಂಪು ಕೆಟ್ಟ ಸುದ್ದಿ ನಿಮಗೇಕೆ ಗೊತ್ತಾಗಲಿಲ್ಲ, ದೊಡ್ಡಣ್ಣ ಎಂಬಾತನನ್ನು ಹುಡುಕಿ ಇಂದಿನ ಬಸ್ಸಿಗೆ ಅವನ ಹೇಳಿಕೆ ಕಳಿಸಿ, ಇಲ್ಲವಾದರೆ ಇನ್ನು ಮುಂದೆ ಏನನ್ನೂ ಕಳಿಸಬೇಡಿ ಎಂದಿತ್ತು. ವಿಮಲಮ್ಮ ಟೆಲಿಗ್ರಾಂ ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ಬಾಗಿಲ ಮುಂದೆ ಜೀಪು ನಿಂತಿತು. ಅದರಲ್ಲಿ ಶಾಸಕ ಸದಾಶಿವಯ್ಯನವರು. ಇವತ್ತು ಹಾರಗಳಿರಲಿಲ್ಲ, ಮುಖ ಪೂರ್ತಿ ಕಾಣುತ್ತಿತ್ತು.

“ಹತ್ತಯ್ಯಾ ಜೀಪು! ಆ ದೊಡ್ಡಣ್ಣ ಯಾವನು ಅಂತ ಇವತ್ತು ನೋಡೇಬಿಡ್ತೀನಿ. ನಿನಗೆ ತಾಲ್ಲೂಕಲ್ಲಿ ಗೊತ್ತಿಲ್ಲದೋರು ಯಾರವ್ರೆ? ತೋರ್ಸು!”

ಹೀಗೆ ತೋಂಟದಾರ್ಯ ತನ್ನನ್ನು ತಾನೇ ಹುಡುಕಲು ಶಾಸಕರ ಪಕ್ಕದಲ್ಲಿ ಕೂತು ಹೊರಟ. ದಾರಿಯುದ್ದಕ್ಕೂ ಶಾಸಕರು ದೊಡ್ಡಣ್ಣನ ಚರ್ಮ ಸುಲಿಯುವ ವಿಧಾನವನ್ನು ವಿವರಿಸಿದರು. ತೋಂಟದಾರ್ಯ ಅಂಗೈಗಳನ್ನು ಜೇಬಿನಲ್ಲಿಟ್ಟುಕೊಂಡು ಹೂಂಗುಟ್ಟಿದ.

ಪಾಳ್ಯದಲ್ಲಿ ಪಂಪಿನ ಮುಂದೆ ಬಿಂದಿಗೆಗಳ ಸಾಲಿತ್ತು. ಶಾಸಕರು ಜೀಪಿನಿಂದ ಧುಮುಕಿ ಹಿಡಿ ಒತ್ತಿದರು. ಮೂರನೇ ಒತ್ತಿಗೇ ನೀರು ಧೋ ಎಂದು ಸುರಿದು ಅವರ ಪಂಚೆ ನೆನೆಯಿತು. ಬೊಗಸೆಯೊಡ್ಡಿ ಕುಡಿದು ಮುಖ ಸಿಂಡರಿಸಿದರು. “ಮೊನ್ನೆ ಕುಡಿದಾಗ ಇನ್ನೂ ಸಿಹಿ ಇತ್ತು,” ಎಂದರು. ಆಮೇಲೆ ನೆಟ್ಟಗೆ ನಿಂತು, “ಪಂಪು ಕಲ್ಲುಗುಂಡಿನ ಹಂಗೈತೆ! ಹಂಗಾದ್ರೆ ದೂರೇ ಸುಳ್ಳು. ಎಲ್ಲಮ್ಮಾ ಆ ದೊಡ್ಡಣ್ಣ?” ಎಂದು ಗುಡುಗಿದರು.

ಹೆಂಗಸರೆಲ್ಲ ಸಿದ್ದಗಂಗಮ್ಮನ ಮುಖ ನೋಡಿದರು. ಸಿದ್ದಗಂಗಮ್ಮ ತೋಂಟದಾರ್ಯನ ಮುಖ ನೋಡಿದಳು. ಅದು ಒಣಗಿದ ಗರಿಯ ಬಣ್ಣಕ್ಕೆ ತಿರುಗಿತ್ತು.

“ಅವ್ನಾ? ನೆನ್ನೆ ಸಂಜೇನೇ ಊರು ಬುಟ್ಟೋದ ಬುದ್ಧಿ,” ಎಂದಳು, ಕಣ್ಣು ಮಿಟುಕಿಸದೆ. “ಗಟ್ಟದ ಕೆಳೀಕೆ ಓದ್ನಂತೆ. ಎತ್ರದ ಆಳು, ಕಪ್ಗೆ ಗಡ್ಡ ಬುಟ್ಟವ್ನೆ, ಎಡಗಾಲು ಕುಂಟು.”

ತೋಂಟದಾರ್ಯ ಕುಳ್ಳಗೆ ಬೆಳ್ಳಗೆ ನುಣ್ಣಗೆ ಕ್ಷೌರ ಮಾಡಿಕೊಂಡು ಎರಡು ಕಾಲಿನ ಮೇಲೂ ಸಮನಾಗಿ ನಿಂತಿದ್ದ.

“ಪರಾರಿಯಾದ್ನಾ?” ಶಾಸಕರು ಜೀಪಿನ ಬಾನೆಟ್ಟಿನ ಮೇಲೆ ಕಾಗದ ಹರಡಿ ಪೊಲೀಸರಿಗೆ ಕಂಪ್ಲೇಂಟು ಬರೆಸಿದರು. ಬರೆದವನು ತೋಂಟದಾರ್ಯ. ದೊಡ್ಡಣ್ಣನೆಂಬ ದುಷ್ಕರ್ಮಿ ಸುಳ್ಳು ದೂರು ಕೊಟ್ಟು ತಲೆಮರೆಸಿಕೊಂಡಿದ್ದಾನೆಂದೂ, ಅವನನ್ನು ಕಂಡಲ್ಲಿ ಹಿಡಿಯಬೇಕೆಂದೂ ಬರೆದ. “ಸಾಕ್ಷಿ ಅಂತ ಕೆಳಗೆ ನಿನ್ ಸಹಿ ಹಾಕು. ಪೇಪರಿನೋನು ಅಂದ್ರೆ ತೂಕ ಇರುತ್ತೆ,” ಎಂದರು ಶಾಸಕರು. ತೋಂಟದಾರ್ಯ ಸುಲಿದ ಕೈಯಲ್ಲಿ ಪೆನ್ನು ಹಿಡಿದು ಸಹಿ ಹಾಕಿದ.

“ಇದನ್ನೇ ಪೇಪರಿಗೂ ಕಳ್ಸು. ಇವತ್ತಿನ ಬಸ್ಸಿಗೇ ಹೋಗ್ಬೇಕು,” ಎಂದರು.

ತೋಂಟದಾರ್ಯ ಪಂಪಿನ ಕಟ್ಟೆಯ ಮೇಲೇ ಕೂತು ಸುದ್ದಿ ಬರೆದ. ಜಾಗದಲ್ಲಿ ಹಾಜರಿದ್ದು, ಎಲ್ಲವನ್ನೂ ಕಣ್ಣಾರೆ ಕಂಡು, ಎಲ್ಲರ ಮಾತನ್ನೂ ಕಿವಿಯಾರೆ ಕೇಳಿ ಅವನು ಬರೆದ ಮೊದಲ ಸುದ್ದಿ ಅದು. ಅದರಲ್ಲಿ ಒಂದಕ್ಷರವೂ ನಿಜವಾಗಿರಲಿಲ್ಲ.